ಸೋಸಪ್ಪ ಹಲ್ಲಿನವನ ಎಣ್ಣೆ ಸೋಸಿದ್ದು

ಹುಟ್ಟಿದಾಗ ಅವನಿಗಿಟ್ಟ ಹೆಸರು ಬೇರೆ. ಅದು ಗ್ಯಾರೇಜಿನ ಬೋರ್ಡಿನ ಮೇಲೆ ಇಂದಿಗೂ ಇದೆ, ಆದರೆ ಬೋರ್ಡು ಓದುವ ಪುರುಸೊತ್ತು ಯಾರಿಗಿದೆ! ಇಡೀ ಬೀದಿಗೆ ಅವನು ಸೋಸಪ್ಪ. ಚಹಾ ಸೋಸುವವರನ್ನು ನೋಡಿದ್ದೇವೆ, ಹಾಲು ಸೋಸುವವರನ್ನು ನೋಡಿದ್ದೇವೆ. ಕಾರಿನ ಹೊಟ್ಟೆಯಿಂದ ಇಳಿಸಿದ ಹಳೇ ಎಣ್ಣೆಯನ್ನು, ಇನ್ನು ಯಾತಕ್ಕೂ ಬಾರದ ಆ ಕರೀ ನೀರನ್ನು, ಬಿಳಿ ಬಟ್ಟೆ ಕಟ್ಟಿ ಭಯಭಕ್ತಿಯಿಂದ ಸೋಸುವ ಆಸಾಮಿ ಇವನೊಬ್ಬನೇ.

ಬೇರೆ ಗ್ಯಾರೇಜುಗಳಲ್ಲಿ ಎಣ್ಣೆ ಬದಲಿಸುವುದೆಂದರೆ ಹಳೆಯದು ಕೆಳಗೆ, ಹೊಸದು ಒಳಗೆ, ಕೀಲಿಕೈ ಗಿರಾಕಿಯ ಕೈಗೆ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸೋಸಪ್ಪನ ಹತ್ತಿರ ಹೋದವರು ಕಾಫಿ ಕುಡಿದು, ಪೇಪರ್ ಓದಿ, ಪೇಪರಿನ ಪದಬಂಧವನ್ನೂ ತುಂಬಿ ಮುಗಿಸಿದರೂ ಅವನು ಇನ್ನೂ ಬಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ಎಂಜಿನ್ ಬಿಸಿಯಿರುವಾಗಲೇ ತಳದ ಬೋಲ್ಟು ಬಿಚ್ಚಿ, ಎಣ್ಣೆಯನ್ನು ಅದರ ಮೇಲೆ ಇಳಿಬಿಡುವುದು ಅವನ ಪದ್ಧತಿ. ಎಣ್ಣೆಯೆಲ್ಲ ಇಳಿದ ಮೇಲೆ ಬಟ್ಟೆಯಲ್ಲಿ ಏನು ಉಳಿಯಿತೋ ಅದನ್ನು ಬಿಸಿಲಿಗೆ ಹಿಡಿದು, ಮೇಲೊಂದು ಚೂರು ಅಯಸ್ಕಾಂತ ಆಡಿಸಿ, ಬೆರಳಲ್ಲಿ ತಿಕ್ಕಿ ನೋಡುತ್ತಾನೆ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಒಳಗೆ ಯಾವುದೋ ಹಲ್ಲುಚಕ್ರ ಸವೆಯುತ್ತಿದೆ. ಬೆಳ್ಳಗೆ ಹೊಳೆದು ಅಂಟದಿದ್ದರೆ ಪಿಸ್ಟನ್ನಿನ ಕಡೆಯದು. ಹಳದಿಯಾಗಿ ಹೊಳೆದು ಅಂಟದಿದ್ದರೆ ಬೇರಿಂಗ್ ಹೋಗಿದೆ, ಅಂದರೆ ಎಂಜಿನ್ನಿನ ಕಥೆ ಮುಗಿಯುತ್ತ ಬಂದಿದೆ.

ಈ ಕೆಲಸಕ್ಕೆ ಹೊಸ ಬಟ್ಟೆ ಆಗುವುದಿಲ್ಲ, ಅದು ಜುಂಗು ಬಿಡುತ್ತದೆ. ತೊಳೆದೂ ತೊಳೆದೂ ಮೆತ್ತಗಾದ ಬಿಳೀ ಹತ್ತಿ ಬಟ್ಟೆಯೇ ಆಗಬೇಕು. ಅದನ್ನು ಒದಗಿಸುವುದು ಹೆಂಡತಿಯ ಪಾಲಿನ ಕೆಲಸ. ಅವಳು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ದಪ್ಪಗಾದವರ ಬಟ್ಟೆ ಸಡಿಲಿಸಿ, ತೆಳ್ಳಗಾದವರ ಬಟ್ಟೆ ಬಿಗಿ ಮಾಡಿಕೊಡುವಾಕೆ. ಸವೆದ ಹಾಸು, ಹಳೇ ಅಂಗಿ, ಯಾವುದೋ ಲಂಗದ ಒಳಬಟ್ಟೆ, ಬಿಳಿಯದು ಏನೇ ಸಿಕ್ಕರೂ ಚೌಕ ಕತ್ತರಿಸಿ ಗಂಟು ಕಟ್ಟಿ ಗ್ಯಾರೇಜಿನ ಮೊಳೆಗೆ ನೇತುಹಾಕುತ್ತಾಳೆ. ಸೋಸಪ್ಪ ಪ್ರತಿಯೊಂದು ಚೌಕವನ್ನೂ ಬಳಸುವ ಮೊದಲು ಪಟಪಟ ಝಾಡಿಸಿ, ಬೆಳಕಿಗೆ ಹಿಡಿದು ನೋಡುತ್ತಾನೆ.

"ನಾನು ಒಗೆದ ಬಟ್ಟೆ ಮೇಲೂ ಅನುಮಾನಾನಾ ನಿಮಗೆ?" ಎಂದು ಅವಳು ರೇಗಿದರೆ, "ಬಟ್ಟೆ ಮೇಲೆ ಅನುಮಾನ ಕಣೇ, ನಿನ್ನ ಮೇಲಲ್ಲ" ಎನ್ನುತ್ತಾನೆ. ಅದರಿಂದ ಅವಳಿಗೆ ಸಮಾಧಾನವಾದದ್ದನ್ನು ಯಾರೂ ನೋಡಿಲ್ಲ.

ಅವನಿಗೆ ಇನ್ನೊಂದು ನಿಯಮವೂ ಇತ್ತು. ಕೆಟ್ಟ ಭಾಗವನ್ನು ಬಿಚ್ಚಿ, ಒರೆಸಿ, ಗಿರಾಕಿಯ ಅಂಗೈಯಲ್ಲಿಟ್ಟು ತೋರಿಸುವ ತನಕ ಕೆಟ್ಟಿದೆ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಗಿರಾಕಿ ನೋಡಿ, ನಿಟ್ಟುಸಿರು ಬಿಟ್ಟು, ಬಿಟ್ಟುಹೋದ ಆ ಭಾಗಗಳನ್ನೆಲ್ಲ ಸೋಸಪ್ಪ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಮನೆಗೆ ಬಂದ ನೆಂಟರು ಬಿಸ್ಕತ್ತಿನ ಆಸೆಗೆ ಅದರ ಮುಚ್ಚಳ ತೆಗೆದು ಪೆಚ್ಚಾದದ್ದುಂಟು.

ಇಷ್ಟಕ್ಕೇ ನಿಂತಿದ್ದರೆ ಬೀದಿ ಅವನನ್ನು ಗೌರವಿಸಿ ಸುಮ್ಮನಾಗುತ್ತಿತ್ತು. ಅವನು ಎಣ್ಣೆ ನೋಡಿ ಮನುಷ್ಯರ ಗುಣವನ್ನೂ ಹೇಳತೊಡಗಿದ. ಹಾಡು ಕಲಿಸುವ ಮೇಡಂ ಕಾರಿನ ಎಣ್ಣೆ ತಿಕ್ಕಿ ನೋಡಿ, "ನೀವು ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗೋದೇ ಇಲ್ಲ, ಹಾಡೋವಾಗಲೂ ಹಂಗೇನಾ?" ಎಂದು ಕೇಳಿದ. ಔಷಧದ ಅಂಗಡಿಯವನ ವ್ಯಾನಿನ ಎಣ್ಣೆ ನೋಡಿ, "ಇವನಿಗೆ ಸಿಟ್ಟು ಜಾಸ್ತಿ" ಎಂದು ಯಾರ ಹತ್ತಿರವೋ ಹೇಳಿದ. ಅದು ಕಿವಿಗೆ ಬಿದ್ದು ಅಂಗಡಿಯವನು ಧುಮುಗುಟ್ಟುತ್ತ ಬಂದು, ಗ್ಯಾರೇಜಿನ ಬಾಗಿಲಲ್ಲಿ ನಿಂತು ಕಿರುಚಾಡಿ, ಸೋಸಪ್ಪನ ಮಾತು ನಿಜವೆಂದು ಎಲ್ಲರಿಗೂ ತೋರಿಸಿಕೊಟ್ಟು ಹೋದ. ಆವತ್ತಿನಿಂದ ಸೋಸಪ್ಪನ ಜಂಬ ಒಂದು ಮೊಳ ಬೆಳೆಯಿತು.

ಮಗಳೊಬ್ಬಳೇ. ಅವಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. "ನೀನು ಬಿಚ್ಚಿ ನೋಡ್ತೀಯಾ, ನಾನು ಬಿಚ್ಚದೇ ನೋಡ್ತೀನಿ, ಯಾರು ದೊಡ್ಡೋರು?" ಎಂದು ಅಪ್ಪನನ್ನು ಕೆಣಕುವುದು ಅವಳ ದಿನನಿತ್ಯದ ಕೆಲಸ. ಊಟಕ್ಕೆ ಕೂತರೆ ಅಪ್ಪ-ಮಗಳಿಗೆ ಯಾವ ವಿಷಯಕ್ಕಾದರೂ ಜಗಳವಾಗಲೇಬೇಕು. ಜಗಳವಿಲ್ಲದ ದಿನ ಸೋಸಪ್ಪನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆದರೆ ಎಣ್ಣೆಯ ವಿಷಯದಲ್ಲಿ ಮಾತ್ರ ಅವಳು ಅಪ್ಪನ ಎದುರು ಒಂದು ಮಾತೂ ಆಡುತ್ತಿರಲಿಲ್ಲ. ಸಣ್ಣವಳಿದ್ದಾಗಿನಿಂದ ನೋಡಿದ್ದಾಳೆ, ಅಪ್ಪನ ಬಟ್ಟೆ ಹೇಳಿದ್ದು ಒಂದು ಸಲವೂ ಸುಳ್ಳಾದದ್ದಿಲ್ಲ.

ಅಂಥ ಮಗಳು ಒಂದು ದಿನ ಊಟದ ನಡುವೆ, ಉಪ್ಪು ಕೊಡು ಎನ್ನುವಷ್ಟು ಸಲೀಸಾಗಿ, ತಾನೊಬ್ಬನನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು. ಹುಡುಗ ಕಟ್ಟುಹಲ್ಲು ಮಾಡುವವನಂತೆ. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆದು ಕಳಿಸುತ್ತಾರೆ, ಇವನು ತನ್ನ ಸಣ್ಣ ಕಾರ್ಖಾನೆಯಲ್ಲಿ ಕೂತು ಹಲ್ಲು ತಿದ್ದಿ ತೀಡಿ ಕೊಡುತ್ತಾನೆ. ಯಾರದೋ ದವಡೆಯ ಎಕ್ಸ್-ರೇ ಕೇಳಿಕೊಂಡು ಬಂದವನು, ಆಮೇಲೆ ಯಾವ ದವಡೆಯ ಕಾರಣವೂ ಇಲ್ಲದೆ ಬರತೊಡಗಿದನಂತೆ.

ಸೋಸಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. "ಸುಳ್ಳು ಹಲ್ಲು ಮಾಡೋನ ಬಾಯಲ್ಲಿ ನಿಜ ಬರುತ್ತಾ?" ಎಂದ.

"ನಿಮ್ಮ ಬಾಯಲ್ಲಿರೋ ಮುಂದಿನ ಎರಡು ಹಲ್ಲು ಎಲ್ಲಿಂದ ಬಂತು ಅಂದ್ಕೊಂಡಿದೀರಿ?" ಎಂದಳು ಹೆಂಡತಿ. "ಡಾಕ್ಟರು ಅವನ ಹತ್ರಾನೇ ಮಾಡಿಸಿದ್ದು. ನಾನು ವಿಚಾರಿಸಿದೆ. ಅದರಲ್ಲೇ ಅಗೀತಾ ಅದರಲ್ಲೇ ಬೈತಿದೀರಲ್ರೀ."

ಸೋಸಪ್ಪ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿಕೊಂಡ. ಬಿಗಿಯಾಗಿ, ಅಲ್ಲಾಡದೆ, ಒಳ್ಳೇ ಹಲ್ಲೇ. ಅದೇ ಅವನಿಗೆ ಇನ್ನಷ್ಟು ಬೇಜಾರಾದದ್ದು. ಕೊನೆಗೆ, "ಅವನ ಹತ್ರ ಕಾರಿದೆಯಾ?" ಎಂದು ಕೇಳಿದ.

ಮಗಳಿಗೆ ನಗು ಬಂತು. ಅಪ್ಪ ಎಲ್ಲಿಗೆ ಬರುತ್ತಾನೆಂದು ಅವಳಿಗೆ ಗೊತ್ತೇ ಇತ್ತು. "ಇದೆ. ತಂದು ನಿಲ್ಲಿಸ್ತೀನಿ, ಎಣ್ಣೆ ಸೋಸಿ ನೋಡು. ಅವನು ಗಾಡಿನ ಹೊತ್ತೊತ್ತಿಗೆ ನೋಡ್ಕೋತೀನಿ, ಒಂದು ದಿನಾನೂ ತಪ್ಪಿಸಿಲ್ಲ ಅಂತಾನೆ. ಅದು ಸುಳ್ಳು ಅಂತ ನಿನ್ನ ಬಟ್ಟೆ ಹೇಳಿದ್ರೆ ನಾನೇ ಅವನನ್ನ ಕಳಿಸಿಬಿಡ್ತೀನಿ, ಸುಳ್ಳುಗಾರ ನನಗೂ ಬೇಡ. ಏನೂ ಸಿಗದಿದ್ರೆ ನೀನು ಮುಖ ಗಂಟು ಹಾಕ್ಕೊಳ್ಳದೆ ಹೂಂ ಅನ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ" ಎಂದ ಸೋಸಪ್ಪ. ಮದುವೆಯಂಥ ಮದುವೆಯನ್ನು ಎಣ್ಣೆಯ ಮೇಲೆ ನಿಲ್ಲಿಸುವ ಜನ ಲೋಕದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ಹೆಂಡತಿ ಅಪ್ಪನನ್ನೂ ಮಗಳನ್ನೂ ಒಂದೊಂದು ಸಲ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ರಜೆಯ ದಿನ ಬೆಳಿಗ್ಗೆ ಒಂದು ಹಸಿರು ಸಣ್ಣ ಕಾರು ಬಂದು ಗ್ಯಾರೇಜಿನ ಮುಂದೆ ನಿಂತಿತು. ಮಗಳು ಏನಕ್ಕೋ ಬಿದ್ದು ಬಿದ್ದು ನಗುತ್ತ ಇಳಿದಳು. ಆಚೆ ಬಾಗಿಲಿಂದ ಉದ್ದನೆಯ ಕೈಕಾಲಿನ, ತೆಳ್ಳಗಿನ ಹುಡುಗ ಇಳಿದು, "ಮಾವ..." ಎಂದವನು ನಾಲಿಗೆ ಕಚ್ಚಿಕೊಂಡು, "ಅಲ್ಲ, ಸರ್" ಎಂದ.

"ಇನ್ನೂ ಎಣ್ಣೆ ಇಳಿಸಿಲ್ಲ" ಎಂದ ಸೋಸಪ್ಪ. "ನೀವು ಆ ಬೆಂಚಿನ ಮೇಲೆ ಕೂತ್ಕೊಳ್ಳಿ."

ಆಮೇಲೆ ಶುರುವಾಯಿತು ನೋಡಿ, ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ. ಬಾನೆಟ್ ಎತ್ತಿದ, ಒಳಗೆ ಎಲೆ ಕಸ ಒಂದೂ ಇಲ್ಲ. ಗಾಳಿಯ ಫಿಲ್ಟರ್ ತೆಗೆದ, ಸ್ವಚ್ಛ. ಟೈರು ನಾಲ್ಕೂ ಒಂದೇ ಸಮ ಸವೆದಿವೆ. ಬ್ಯಾಟರಿಯ ಮೇಲೆ ಉಪ್ಪು ಕಟ್ಟಿಲ್ಲ. ಒಂದೊಂದು ಭಾಗ ಚೆನ್ನಾಗಿದೆ ಎಂದು ಗೊತ್ತಾದಾಗಲೂ ಸೋಸಪ್ಪನ ಮುಖ ಒಂದೊಂದು ಗೆರೆ ಇಳಿಯಿತು. ಬೇರೆ ಯಾವ ಗಿರಾಕಿಯ ಗಾಡಿಯಾಗಿದ್ದರೂ ಬೆನ್ನು ತಟ್ಟಿ ಚಹಾ ತರಿಸುತ್ತಿದ್ದ. ಈ ಗಾಡಿಯಲ್ಲಿ ಮಾತ್ರ ಏನಾದರೊಂದು ಕೆಟ್ಟಿರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅದು ಅವನಿಗೇ ತಿಳಿಯುತ್ತಿತ್ತು, ನಾಚಿಕೆಯೂ ಆಗುತ್ತಿತ್ತು, ಆದರೂ ಬೇಡಿಕೊಳ್ಳುವುದು ನಿಲ್ಲಲಿಲ್ಲ.

ಬೆಂಚಿನ ಮೇಲೆ ಮಗಳು ಹುಡುಗನ ಕಿವಿಯಲ್ಲಿ ಏನೋ ಹೇಳಿ ಮತ್ತೆ ನಕ್ಕಳು. ಸೋಸಪ್ಪ ಅತ್ತ ನೋಡುತ್ತಲೇ ಮೊಳೆಯಲ್ಲಿದ್ದ ಹೊಸ ಗಂಟಿಗೆ ಕೈ ಹಾಕಿ, ಸಿಕ್ಕ ಚೌಕವನ್ನು ಎಳೆದು, ಬಕೆಟ್ಟಿನ ಬಾಯಿಗೆ ಕಟ್ಟಿ ಕಾರಿನ ಕೆಳಗೆ ತೂರಿದ. ಬೋಲ್ಟು ಬಿಚ್ಚಿದ. ಬಿಸಿ ಎಣ್ಣೆ ದಬದಬ ಇಳಿಯಿತು. ಬಣ್ಣವೂ ಚೆನ್ನಾಗಿತ್ತು ಹಾಳಾದದ್ದು, ವೇಳೆಗೆ ಸರಿಯಾಗಿ ಬದಲಿಸಿದ ಎಣ್ಣೆಯ ಬಣ್ಣ. ಅವನು ನಿಟ್ಟುಸಿರಿಟ್ಟು ಬಟ್ಟೆ ಬಿಚ್ಚಿಕೊಂಡು ಬಿಸಿಲಿಗೆ ಬಂದ.

ಬಟ್ಟೆಯಲ್ಲಿ ಬಂಗಾರ ಹೊಳೆಯಿತು.

ಒಂದಲ್ಲ ಎರಡಲ್ಲ, ಹತ್ತಾರು ಚೂರು. ಹಳದಿ ಚೂರು. ಸೋಸಪ್ಪ ಅಯಸ್ಕಾಂತ ಆಡಿಸಿದ, ಒಂದೂ ಏಳಲಿಲ್ಲ. ಬೆರಳಲ್ಲಿ ತಿಕ್ಕಿದ, ಹೊಳಪು ಹೋಗಲಿಲ್ಲ. ಅವನ ಎದೆ ಹಗುರಾಯಿತು. ಆ ಹಗುರದಲ್ಲಿ ತನ್ನ ನಿಯಮವನ್ನೂ ಮರೆತು, ಬಿಚ್ಚುವ ಮೊದಲೇ, ತೋರಿಸುವ ಮೊದಲೇ, "ಬೇರಿಂಗ್ ಹೋಗಿದೆ!" ಎಂದು ಗಟ್ಟಿಯಾಗಿ ಹೇಳಿಬಿಟ್ಟ.

ಹುಡುಗ ಎದ್ದು ಬಂದ. "ಹೋಗೋಕೆ ಸಾಧ್ಯ ಇಲ್ಲ ಸರ್. ಎಣ್ಣೆ ಒಂದು ಸಲಾನೂ ತಡ ಮಾಡಿಲ್ಲ ನಾನು."

"ಹಂಗಾದ್ರೆ ಈ ಬಂಗಾರ ಎಲ್ಲಿಂದ ಬಂತು? ಎಣ್ಣೆ ಕಡಿಮೆ ಇಟ್ಕೊಂಡು ಗಾಡಿ ಓಡಿಸಿದೀರಿ. ಎಂಜಿನ್ ಒಣಗಿದೆ, ಬೇರಿಂಗ್ ತಿಂದ್ಕೊಂಡಿದೆ. ಆಮೇಲೆ ಹೊಸ ಎಣ್ಣೆ ಹಾಕಿ ಮುಚ್ಚಿಟ್ಟಿದೀರಿ, ಅಷ್ಟೇ."

ಮಗಳು ಬಟ್ಟೆಯನ್ನು ನೋಡಿದಳು. ಹಳದಿ ಹೊಳೆದರೆ ಏನರ್ಥ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ನಗು ಎಲ್ಲಿ ಹೋಯಿತೋ. "ನಿಜ ಹೇಳು," ಎಂದಳು ಹುಡುಗನಿಗೆ, "ಒಂದು ಸಲ, ಒಂದೇ ಒಂದು ಸಲ, ಎಣ್ಣೆ ಇಲ್ದೆ ಓಡಿಸಿದ್ದೀಯಾ?"

"ಇಲ್ಲ."

"ಅಪ್ಪನ ಬಟ್ಟೆ ಸುಳ್ಳು ಹೇಳಲ್ಲ."

"ನಾನೂ ಹೇಳಲ್ಲ" ಎಂದ ಹುಡುಗ, ಆದರೆ ದನಿ ತೀರ ಸಣ್ಣದಾಗಿತ್ತು.

ಅವಳು ಅಪ್ಪನ ಕಡೆ ತಿರುಗಿದಳು. "ಬಿಚ್ಚು ಅಪ್ಪಾ. ಎಲ್ಲರಿಗೂ ತೋರಿಸಿದ ಹಾಗೆ ನನಗೂ ಆ ಬೇರಿಂಗನ್ನ ಕೈಯಲ್ಲಿಟ್ಟು ತೋರಿಸು. ಅದು ಸವೆದಿದ್ರೆ ಇವನು ಇಲ್ಲಿಂದಲೇ ಹೋಗ್ಲಿ." ಅಷ್ಟು ಹೇಳಿ ಬೆಂಚಿನ ಒಂದು ತುದಿಯಲ್ಲಿ ಕೂತಳು. ಹುಡುಗ ಇನ್ನೊಂದು ತುದಿಯಲ್ಲಿ ಕೂತ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ ಉಳಿಯಿತು.

ಸೋಸಪ್ಪ ಗಾಡಿಯನ್ನು ಒಳಗೆ ತಳ್ಳಿ, ಜಾಕ್ ಕೊಟ್ಟು ಎತ್ತಿ, ಅಡಿಯಲ್ಲಿ ಮಲಗಿದ. ಎಂಜಿನ್ನಿನ ತಳಕ್ಕೆ ಎಣ್ಣೆ ನಿಲ್ಲುವ ಒಂದು ತಗಡಿನ ತಟ್ಟೆ ಇರುತ್ತದೆ, ಗ್ಯಾರೇಜಿನವರು ಅದನ್ನು ಚೇಂಬರ್ ಎನ್ನುತ್ತಾರೆ. ಅದನ್ನು ಸುತ್ತಲೂ ಬಿಚ್ಚಿ ಇಳಿಸಿದ. ತಟ್ಟೆಯ ತಳದಲ್ಲಿ ಬೆರಳಾಡಿಸಿದರೆ ಒಂದು ಚೂರು ಹಳದಿಯೂ ಇಲ್ಲ. ಬಟ್ಟೆಯಲ್ಲಿ ಅಷ್ಟು ಸಿಕ್ಕಮೇಲೆ ತಟ್ಟೆಯಲ್ಲಿ ಸ್ವಲ್ಪವಾದರೂ ಉಳಿಯಬೇಕಿತ್ತಲ್ಲ? ಇರಲಿ ಎಂದುಕೊಂಡು ಬೇರಿಂಗಿಗೆ ಕೈ ಹಾಕಿದ. ಈ ಬೇರಿಂಗ್ ಎಂಬುದು ಅರ್ಧ ಮುರಿದ ಬಳೆಯಂಥ ಒಂದು ತಗಡು. ಮೇಲುಪದರ ಬೂದು ಬಣ್ಣ, ಸವೆಯುತ್ತ ಹೋದರೆ ಅಡಿಯ ಹಳದಿ ಕಾಣುತ್ತದೆ. ಮೊದಲನೆಯದನ್ನು ತೆಗೆದ. ಬೂದು. ಎರಡನೆಯದು, ಬೂದು. ಮೂರನೆಯದೂ ನಾಲ್ಕನೆಯದೂ ಹಾಗೇ, ಮುಖ ಬೇಕಾದರೂ ನೋಡಿಕೊಳ್ಳಬಹುದು ಎನ್ನುವಂತೆ ನುಣ್ಣಗಿದ್ದವು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

ಅವನು ಹಾಗೇ ಕಾರಿನ ಅಡಿಯಲ್ಲಿ ಮಲಗಿಕೊಂಡು ಆ ಗೀರಿಲ್ಲದ ಬೇರಿಂಗನ್ನು ನೋಡಿದ. ಗಾಡಿ ಚೆನ್ನಾಗಿದೆ. ಹುಡುಗ ನಿಜ ಹೇಳಿದ್ದಾನೆ. ಹಾಗಾದರೆ ಮಗಳು ಹೋಗುತ್ತಾಳೆ. ಊಟಕ್ಕೆ ಕೂತಾಗ ಎದುರಿನ ಕುರ್ಚಿ ಖಾಲಿ. ಯಾರು ದೊಡ್ಡೋರು ಎಂದು ಕೆಣಕುವವರಿಲ್ಲ. ಎಣ್ಣೆ ಕಣ್ಣಿಗೆ ಬಿತ್ತೇನೋ ಎಂದು ತೋಳಿನಿಂದ ಒರೆಸಿಕೊಂಡ.

ಆಗ ಮೂಲೆಯಲ್ಲಿದ್ದ ಬಿಸ್ಕತ್ತಿನ ಡಬ್ಬಿ ಕಣ್ಣಿಗೆ ಬಿತ್ತು.

ಬೇಡ ಬೇಡವೆಂದುಕೊಂಡೇ ಅವನು ತೆವಳಿ ಹೊರಬಂದ. ಬೇಡವೆಂದುಕೊಂಡೇ ಮುಚ್ಚಳ ತೆಗೆದ. ಇದೇ ಜಾತಿಯ ಇನ್ನೊಂದು ಗಾಡಿಯ ಬೇರಿಂಗ್ ಅದರಲ್ಲಿತ್ತು, ಅಂಚಿನಿಂದ ಅಂಚಿಗೆ ಹಳದಿ ಎದ್ದು, ನಾಯಿ ಕಚ್ಚಿದಂತಾಗಿತ್ತು. ಅದನ್ನು ಮಗಳ ಅಂಗೈಯಲ್ಲಿಟ್ಟರೆ ಮುಗಿಯಿತು. ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ? ಒಂದು ಮಾತೂ ಆಡಬೇಕಿಲ್ಲ, ಬಾಯಿ ಮುಚ್ಚಿಕೊಂಡು ಕೈ ಚಾಚಿದರೆ ಸಾಕು. ಹುಡುಗನ ಹಸಿರು ಕಾರು ಬೇರೆ ಯಾರದೋ ಬೀದಿಗೆ ಹೋಗುತ್ತದೆ.

ಆದರೆ ಡಬ್ಬಿಯಲ್ಲಿ ಕೂತು ಕೂತು ಬೇರಿಂಗಿಗೆ ಧೂಳು ಹಿಡಿದಿತ್ತು. ಸೋಸಪ್ಪ ಸುಳ್ಳು ಹೇಳಲು ಹೊರಟಿದ್ದರೇನು, ಒರೆಸದ ಭಾಗವನ್ನು ಯಾರ ಕೈಗೂ ಕೊಟ್ಟವನಲ್ಲ. ಮೊಳೆಯ ಗಂಟಿನಿಂದ ಇನ್ನೊಂದು ಚೌಕ ಎಳೆದ. ಈ ಸಲ ಮೈಯ ಅಭ್ಯಾಸ ಸುಮ್ಮನಿರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಬಟ್ಟೆಯನ್ನು ಪಟಪಟ ಝಾಡಿಸಿತು.

ಕಿಟಕಿಯ ಬಿಸಿಲಲ್ಲಿ ಬಂಗಾರದ ಪುಡಿ ಎದ್ದಿತು. ಅವನ ತೋಳ ಮೇಲೆ, ಮೂಗಿನ ಮೇಲೆ, ಮೀಸೆಯ ಮೇಲೆ ಕೂತಿತು.

ಸೋಸಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದ. ಅಂಚಿನ ಮಡಿಕೆಯಲ್ಲಿ ಹೆಂಡತಿಯ ಸಣ್ಣ ಹೊಲಿಗೆ. ಮಡಿಕೆಯ ಒಳಗೆ ಹಳೆಯ ಅಂಟು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅದರ ತುಂಬ ಚಮ್ಕಿ ಪುಡಿ. ಮೂಗಿಗೆ ಹಿಡಿದ. ಎಷ್ಟು ಸಲ ಒಗೆದಿದ್ದರೂ ಅದರ ಮೂಲೆಯಲ್ಲಿ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಇನ್ನೂ ಚೂರು ಉಳಿದಿತ್ತು. ಅವನು ಅಲ್ಲೇ ಇದ್ದ ಟೈರಿನ ಮೇಲೆ ಕುಕ್ಕರಿಸಿದ.

ಮಗಳು ಸಣ್ಣವಳಿದ್ದಾಗ ಶಾಲೆಯ ನಾಟಕದಲ್ಲಿ ಅವಳಿಗೆ ನಕ್ಷತ್ರದ ಪಾತ್ರ. ಮಾತು ಒಂದೂ ಇಲ್ಲ, ಬರೀ ಮಿನುಗಬೇಕು. ಹೆಂಡತಿ ಬಿಳೀ ಫ್ರಾಕು ಹೊಲಿದಳು, ಚಮ್ಕಿ ಪುಡಿ ಮಾತ್ರ ಯಾವ ಗೋಂದಿಗೂ ನಿಲ್ಲಲಿಲ್ಲ. ಮಗಳು ಅಳತೊಡಗಿದಾಗ ಸೋಸಪ್ಪ ಫ್ರಾಕನ್ನು ಗ್ಯಾರೇಜಿಗೆ ತಂದು, ಟ್ಯೂಬಿಗೆ ತೇಪೆ ಹಾಕುವ ಸೊಲ್ಯೂಷನ್ ಬಳಿದು, ಸಂಜೆಯೆಲ್ಲ ಕೂತು ಒಂದೊಂದೇ ಚಿಟಿಕೆ ಚಮ್ಕಿ ಅಂಟಿಸಿದ. ಅಂಟು ಬಟ್ಟೆ ದಾಟಿ ಒಳಬಟ್ಟೆಗೂ ಹಿಡಿಯಿತು. ವೇದಿಕೆಯ ಮೇಲೆ ಉಳಿದ ನಕ್ಷತ್ರಗಳೆಲ್ಲ ಅವಳ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತವು. ಆದರೆ ಅವಳ ಹಾಗೆ ಯಾರೂ ಹೊಳೆಯಲಿಲ್ಲ. ಮನೆಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಎಷ್ಟೋ ದಿನ ಅವನ ತಲೆಗೂದಲಲ್ಲಿ ಚಮ್ಕಿ ಉದುರುತ್ತಿತ್ತು, ಗಿರಾಕಿಗಳು ನಗುತ್ತಿದ್ದರು.

ನೀರಿಗೆ, ಸೋಪಿಗೆ ಜಗ್ಗದ ಅಂಟು ಬಿಸಿ ಎಣ್ಣೆ ಬಿದ್ದ ಕೂಡಲೇ ಕೈಬಿಟ್ಟಿದೆ. ಹುಡುಗನ ಎಂಜಿನ್ನಿನಿಂದ ಏನೂ ಬಂದಿಲ್ಲ. ಬಂದದ್ದೆಲ್ಲ ಇವನದೇ ಬಟ್ಟೆಯಿಂದ.

ಅಷ್ಟರಲ್ಲಿ ಹೆಂಡತಿ ಚಹಾ ಹಿಡಿದುಕೊಂಡು ಬಂದಳು. "ಏನ್ರೀ ಇದು, ಮೀಸೆಗೆ ಚಮ್ಕಿ ಹಾಕ್ಕೊಂಡು ಕೂತಿದೀರಿ? ನಾಟಕಕ್ಕೆ ಸೇರಿದ್ರಾ?"

"ಈ ಬಟ್ಟೆ ಎಲ್ಲಿಂದ ತಂದೆ?"

"ಅವಳ ಬೀರು ಖಾಲಿ ಮಾಡ್ತಿದ್ದೆ. ನಕ್ಷತ್ರದ ಫ್ರಾಕು ಮೇಲೆಲ್ಲ ಹರಿದುಹೋಗಿತ್ತು, ಒಳಬಟ್ಟೆ ಮಾತ್ರ ಚೆನ್ನಾಗಿತ್ತು. ಯಾಕೆ, ನೀವೇ ಝಾಡಿಸಿ ನೋಡ್ತೀರಲ್ಲ, ನಾನು ಒಗೆದಿದ್ದರ ಮೇಲೆ ನಂಬಿಕೆ ಇಲ್ಲ ಅಂತ?" ಅವಳ ಕಣ್ಣು ಅವನ ಇನ್ನೊಂದು ಕೈಗೆ ಹೋಯಿತು. 

"ಅದು ಡಬ್ಬಿದಲ್ವಾ?" ಎಂದಳು.

ಅವನು ತಲೆ ಎತ್ತಲಿಲ್ಲ. "ಇದನ್ನೇ ಅವಳ ಕೈಲಿ ಇಡೋಣ ಅಂತಿದ್ದೆ ಕಣೇ."

ಹೆಂಡತಿ ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ, ಪಕ್ಕದ ಟೈರಿನ ಮೇಲೆ ಕೂತು ಚಹಾದ ಲೋಟವನ್ನು ಅವನ ಕೈಗಿಟ್ಟಳು. "ಕುಡೀರಿ. ಕುಡಿದು ಹೋಗಿ ಹೇಳಿ. ಮೀಸೆ ಮಾತ್ರ ಒರೆಸ್ಕೋಬೇಡಿ, ಹೀಗೇ ಚೆನ್ನಾಗಿದೆ."

ಹೊರಗೆ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಹಾಗೇ ಕೂತಿದ್ದರು. ಅಪ್ಪನನ್ನು ಕಂಡ ಕೂಡಲೇ ಮಗಳು ಎದ್ದು, ಗಿರಾಕಿಗಳ ಹಾಗೆ ಅಂಗೈ ಚಾಚಿದಳು.

ಮೊದಲು ನುಣ್ಣಗಿನ ಬೇರಿಂಗ್ ಇಟ್ಟ. "ಇದು ಇವನ ಗಾಡಿದು. ಏನೂ ಆಗಿಲ್ಲ. ಎಲ್ಲವೂ ಹೀಗೇ ಇದೆ."

ಅದರ ಪಕ್ಕ ಸವೆದದ್ದನ್ನು ಇಟ್ಟ. "ಇದು ನನ್ನ ಡಬ್ಬಿದು. ಇದನ್ನ ಇವನ ಗಾಡಿದು ಅಂತ ನಿನಗೆ ತೋರಿಸೋಕೆ ಹೊರಟಿದ್ದೆ."

ಮಗಳು ಎರಡನ್ನೂ ನೋಡಿದಳು. ಮುಖ ಕೆಂಪಾಯಿತು. "ನಾನು ಇವನನ್ನ ಕಳಿಸೇಬಿಡ್ತಿದ್ದೆ ಅಪ್ಪಾ! ನೀನು ಹೇಳಿದೆ ಅಂತ, ಹಿಂದೆ ಮುಂದೆ ನೋಡದೆ ಕಳಿಸ್ತಿದ್ದೆ. ಯಾಕೆ? ಯಾಕೆ ಹಂಗೆ ಮಾಡೋಕೆ ಹೋದೆ?"

"ಯಾಕೆ ಅಂದ್ರೆ..." ಸೋಸಪ್ಪ ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನೀನು ಹೋದ್ರೆ ನನ್ನ ಜೊತೆ ಜಗಳ ಆಡೋರು ಯಾರು? ನಿಮ್ಮಮ್ಮ ಆಡ್ತಾಳೆ, ಆದ್ರೆ ಯಾವಾಗಲೂ ಅವಳೇ ಗೆಲ್ತಾಳೆ. ನೀನು ಆಗಾಗ ಸೋಲ್ತಿದ್ದೆ."

"ಬೇಕಂತಲೇ ಸೋಲ್ತಿದ್ದೆ" ಎಂದಳು ಮಗಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅರ್ಧಕ್ಕೇ ಒದ್ದೆಯಾಗಿಬಿಟ್ಟಿತು. "ಹಂಗಾದ್ರೆ ಬಟ್ಟೇಲಿ ಇದ್ದ ಬಂಗಾರ?"

ಅವನು ಮೂರನೆಯದಾಗಿ ಆ ಚೌಕವನ್ನು ಅವಳ ಕೈಗಿಟ್ಟ. ಅವಳು ಮಡಿಕೆ ಬಿಡಿಸಿದಳು, ಮೂಗಿನ ಹತ್ತಿರ ಒಯ್ದಳು. ಆಮೇಲೆ ಅಪ್ಪನ ಮೀಸೆ ನೋಡಿದಳು. ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಮಾಡಿ, ಅವನ ಎಣ್ಣೆ ಅಂಗಿಗೆ ಮುಖ ಒತ್ತಿ ನಿಂತುಬಿಟ್ಟಳು.

ಹುಡುಗ ಮೆಲ್ಲಗೆ ಬಂದು ಬಟ್ಟೆ ತೆಗೆದುಕೊಂಡ. ಜೇಬಿನಿಂದ ಹಲ್ಲಿನ ಕೆಲಸದ ಸಣ್ಣ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದು ನೋಡಿದ. "ಇಷ್ಟು ವರ್ಷ ಹಿಡ್ಕೊಂಡಿತ್ತಾ? ಯಾವ ಅಂಟು ಸರ್ ಇದು? ನಮ್ಮ ಕಟ್ಟುಹಲ್ಲಿಗೆ ಬೇಕಿತ್ತು."

"ವಾಸನೆ ತಡೀತಾರಾ ನಿಮ್ಮ ಗಿರಾಕಿಗಳು?" ಎಂದ ಸೋಸಪ್ಪ. ಅಲ್ಲಿಗೆ ಮೂವರಿಗೂ ನಗು ಬಂತು.

ಮಗಳು ಹುಡುಗನ ಕಡೆ ತಿರುಗಿ, "ನಿನ್ನ ಮಾತು ನಂಬಲಿಲ್ಲ ನಾನು. ತಪ್ಪಾಯ್ತು" ಎಂದಳು.

"ನನಗೇ ನಂಬಿಕೆ ಹೋಗಿತ್ತು" ಎಂದ ಹುಡುಗ. "ಯಾವತ್ತಾದ್ರೂ ಎಣ್ಣೆ ನೋಡೋದು ಮರೆತಿದ್ನೇನೋ ಅಂತ ಆ ತುದಿಯಲ್ಲಿ ಕೂತು ತಲೆ ಕೆಡಿಸ್ಕೊಂಡಿದ್ದೆ."

ಆ ಮಾತು ಸೋಸಪ್ಪನಿಗೆ ನಾಟಿತು. ಗಾಡಿಯ ಅಡಿಗೆ ತೂರುವ ಮೊದಲು ಹುಡುಗನ ಭುಜದ ಮೇಲೆ ಕೈಯಿಟ್ಟು, "ತಪ್ಪು ನಂದು ಕಣಯ್ಯ" ಎಂದ. ಹುಡುಗನ ಒಳ್ಳೇ ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

ಬೇರಿಂಗುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋದವು. ಚೇಂಬರಿಗೆ ಹೊಸ ಪ್ಯಾಕಿಂಗ್, ಬೋಲ್ಟಿಗೆ ಹೊಸ ವಾಷರ್, ಹೊಸ ಫಿಲ್ಟರ್, ಹೊಸ ಎಣ್ಣೆ. ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಕೊಟ್ಟು, ಕಣ್ಣು ಮುಚ್ಚಿ ಕೇಳಿದ. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ನಿಂತಿದ್ದಳು. ಅವನು ಕೇಳುತ್ತಲೇ ಇದ್ದ.

"ಏನಾದ್ರೂ ಸದ್ದು ಬರ್ತಿದೆಯಾ ಅಪ್ಪಾ?" ಎಂದಳು ಮಗಳು.

"ಇಲ್ಲ" ಎಂದ ಸೋಸಪ್ಪ. ಕಣ್ಣು ತೆರೆದು, ಕೊಟ್ಟ ಮಾತಿನಂತೆ, ಮುಖ ಗಂಟು ಹಾಕಿಕೊಳ್ಳದೆ, "ಹೂಂ. ಮಾಡ್ಕೊಳ್ಳಮ್ಮ" ಎಂದ. ಹೆಂಡತಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.

ಬಾನೆಟ್ ಇಳಿಸಿ, ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. "ಎರಡು ಸಾವಿರ ಕಿಲೋಮೀಟರಿಗೆ ಮತ್ತೆ ಎಣ್ಣೆ ಬದಲಿಸ್ಬೇಕು. ಇಬ್ಬರೂ ಬರ್ಬೇಕು, ಊಟಕ್ಕೆ ಇಲ್ಲೇ ಇರ್ಬೇಕು."

ಹುಡುಗ ಕಾರಿನೊಳಗಿಂದ ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು, ಪುಟ ತಿರುವಿ ತೋರಿಸಿದ. "ಮಾವ, ಪುಸ್ತಕದಲ್ಲಿ ಹತ್ತು ಸಾವಿರಕ್ಕೆ ಬದಲಿಸಿದ್ರೆ ಸಾಕು ಅಂತ ಬರೆದಿದ್ದಾರೆ." ಈ ಸಲ ಅವನು ನಾಲಿಗೆ ಕಚ್ಚಿಕೊಳ್ಳಲಿಲ್ಲ.

ಸೋಸಪ್ಪ ಪುಸ್ತಕವನ್ನು ಮುಚ್ಚಿ ಅವನ ಕೈಗೇ ವಾಪಸ್ ಕೊಟ್ಟ.

"ಅದನ್ನ ಬರೆದೋನಿಗೆ ಮಗಳಿರ್ಲಿಲ್ಲ ಕಣಯ್ಯ. ನೀನು ಎರಡು ಸಾವಿರಕ್ಕೇ ಬಾ."